ತೊಳೆದಿಟ್ಟ ಹೆಪ್ಪಿನ ಕುಡಿಕೆ

ಕಪಿಲೆ ಹೊಳೆಯ ದಂಡೆಯಲ್ಲಿ ಮಲ್ಲಾಜಮ್ಮನವರ ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ. ಒಂದು ಅಡುಗೆಮನೆ, ಒಂದು ಜಗಲಿ, ಒಂದು ಹೊಂಗೆ ಮರ, ಮರದ ಕೆಳಗೆ ಕೂರಲು ಚಪ್ಪಡಿ ಕಲ್ಲುಗಳು, ಹಿತ್ತಲಲ್ಲಿ ಬಾವಿ, ಒಂದು ತುಂಡು ತೋಟ.

ಅಮ್ಮನವರು ಹಿಂದೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕೆಲಸ ಬಿಟ್ಟ ಮೇಲೂ ಲೆಕ್ಕ ಬಿಡಲಿಲ್ಲ. ಧ್ಯಾನ ಕಲಿಯಬೇಕೆಂದು ಬಂದವರಿಗೆ ಮೊದಲು ಭಾಗಾಕಾರ ಮಾಡಲು ಹೇಳುತ್ತಿದ್ದರು. ಉಳಿದ ಶೇಷವನ್ನು ಏನು ಮಾಡುತ್ತೀಯ ಎಂದು ಕೇಳುತ್ತಿದ್ದರು. ಅರ್ಧ ಜನ ಅಲ್ಲಿಗೇ ಎದ್ದು ಹೋಗುತ್ತಿದ್ದರು.

ಹೋಗದೆ ಉಳಿದವರು ಮೂವರು: ಪರಶಿವ, ಕಪನಯ್ಯ, ರಜಿಯಾ.

ಆ ಸೀಮೆಯಲ್ಲಿ ಮುಯ್ಯಿ ಎಂಬುದು ಹಳೆಯ ಪದ್ಧತಿ. ಇಂದು ನಾನು ನಿನ್ನ ಗದ್ದೆಯಲ್ಲಿ ದುಡಿದರೆ ನಾಳೆ ನೀನು ನನ್ನ ಗದ್ದೆಯಲ್ಲಿ ದುಡಿಯಬೇಕು. ಕೂಲಿಯ ಮಾತಿಲ್ಲ. ಆದರೆ ನನಗೆ ಆಳು ಬೇಕಾದ ದಿನ ನಿನಗೆ ಜ್ವರ ಬಂದರೆ, ನೀನು ಊರನ್ನೇ ಬಿಟ್ಟರೆ, ನನ್ನ ದುಡಿಮೆ ನೀರಿಗೆ ಬಿದ್ದ ಹಾಗೆ.

ಅದಕ್ಕೆಂದು ಈ ಮೂವರು ಸೇರಿ ಒಂದು ಕ್ರಿಪ್ಟೊ ನಾಣ್ಯ ಮಾಡಿದರು. ಮುಯ್ಯಿ ಬಿಲ್ಲೆ ಎಂದು ಹೆಸರಿಟ್ಟರು. ಒಂದು ದಿನ ದುಡಿದವರ ಹೆಸರಿಗೆ ಒಂದು ಬಿಲ್ಲೆ. ಅದನ್ನು ಕೊಟ್ಟು ಯಾವ ಊರಿನ ಯಾರನ್ನಾದರೂ ಕೆಲಸಕ್ಕೆ ಕರೆಯಬಹುದು. ಅದಕ್ಕೆ ಒಡೆಯನಿಲ್ಲ, ಬ್ಯಾಂಕಿಲ್ಲ. ಸುತ್ತಲ ಊರುಗಳಲ್ಲಿ ಒಂದೊಂದು ಕಂಪ್ಯೂಟರ್, ಎಲ್ಲದರಲ್ಲೂ ಒಂದೇ ಲೆಕ್ಕ. ಒಂದು ಕಂಪ್ಯೂಟರ್ ಸುಳ್ಳು ಹೇಳಿದರೆ ಉಳಿದವು ಒಪ್ಪುವುದಿಲ್ಲ.

ಕಂಪ್ಯೂಟರ್‌ಗಳು ಒಂದನ್ನೊಂದು ಒಪ್ಪುವ ನಿಯಮ ಬರೆದವನು ಕಪನಯ್ಯ. ಅಗ್ಗದ ಬಟನ್ ಫೋನಿನಲ್ಲೂ ನಡೆಯುವ ಹಾಗೆ ಬರೆದವಳು ರಜಿಯಾ. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಕದಿಯದಂತೆ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಮುದ್ರೆ ಮಾಡಿಕೊಟ್ಟವನು ಪರಶಿವ.

ಕೆಲವು ಬೆಳೆಯ ಕಾಲ ಚೆನ್ನಾಗಿ ನಡೆಯಿತು. ಆಮೇಲೆ ಜಗಳ ಬಂತು.

ನಿಯಮದಲ್ಲಿ ಏನೋ ಬದಲಿಸಬೇಕಾಗಿತ್ತು. ಎಲ್ಲ ಊರನ್ನೂ ಕೇಳಿ ಬದಲಿಸೋಣ ಎಂದ ಕಪನಯ್ಯ. ಎಲ್ಲರನ್ನೂ ಕೇಳುತ್ತ ಕೂತರೆ ಕಪಿಲೆ ಬತ್ತಿಹೋಗುತ್ತದೆ ಎಂದ ಪರಶಿವ. ಮಾತಿಗೆ ಮಾತು ಬೆಳೆಯಿತು. ನಿನ್ನ ಕೋಡ್ ಎತ್ತಿನಗಾಡಿ, ನೀನು ಅದರ ಎತ್ತು ಎಂದುಬಿಟ್ಟ ಪರಶಿವ. ಅದೂ ಊಟದ ಪಂಕ್ತಿಯಲ್ಲಿ, ಬಂದ ಜನರೆದುರು.

ಕಪನಯ್ಯ ಎಲೆ ಮಡಿಸಿ ಎದ್ದ. ಹೊಳೆಯಾಚೆ ತನ್ನ ಊರಿಗೆ ಹೋಗಿ ಅಪ್ಪನ ಅಕ್ಕಿ ಮಿಲ್ಲು ನೋಡಿಕೊಂಡ. ರಜಿಯಾ ಪೇಟೆಯಲ್ಲಿ ಫೋನ್ ರಿಪೇರಿ ಅಂಗಡಿ ತೆರೆದಳು. ಪರಶಿವ ಆಶ್ರಮದಲ್ಲೇ ಉಳಿದ. ನೋಡಿಕೊಳ್ಳುವವರಿಲ್ಲದೆ ಊರೂರ ಕಂಪ್ಯೂಟರ್‌ಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಬಿಲ್ಲೆ ನಿಂತುಹೋಯಿತು.

ಈ ವರ್ಷ ನಾಲೆಗೆ ನೀರು ಬಿಡುವ ಹೊತ್ತಿಗೆ ಸುತ್ತಲ ಊರುಗಳ ಹೆಂಗಸರು ಆಶ್ರಮಕ್ಕೆ ಬಂದರು. ಬಿಲ್ಲೆಯನ್ನು ಮತ್ತೆ ನಡೆಸಿಕೊಡಬೇಕು ಎಂದು ಕೇಳಿದರು.

ಅಮ್ಮನವರು ಪರಶಿವನ ಕಡೆ ತಿರುಗಿದರು.

"ಮೂವರು ಕಟ್ಟಿದ್ದು. ಒಬ್ಬನ ಕೈಲಾಯ್ತದಾ?"

"ಆಯ್ತದೆ ಅಮ್ಮ" ಎಂದ ಪರಶಿವ.

ಅಮ್ಮನವರು ಮತ್ತೇನೂ ಹೇಳಲಿಲ್ಲ. ಅವರು ಮತ್ತೇನೂ ಹೇಳದೆ ಇದ್ದಾಗಲೇ ಹೆದರಬೇಕು ಎಂದು ಇಷ್ಟು ವರ್ಷ ಅವರ ಅನ್ನ ಉಂಡವನಿಗೆ ಗೊತ್ತಿರಬೇಕಿತ್ತು.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಪರಶಿವ ಮೊದಲ ಸಾಲಿನಿಂದಲೇ ಎಲ್ಲವನ್ನೂ ಹೊಸದಾಗಿ ಬರೆದ. ನಿಯಮ ಹೊಸದು, ಮುದ್ರೆ ಹೊಸದು, ಫೋನಿನ ಆ್ಯಪ್ ಹೊಸದು. ಹಳೆಯ ಕೋಡಿನ ತಲೆಯಲ್ಲಿ ಮೂವರ ಹೆಸರಿತ್ತು. ಹೊಸದರ ತಲೆಯಲ್ಲಿ ಒಂದೇ ಹೆಸರು ಬರೆದ. ಬರೆಯುವಾಗ ಕೈ ಕೊಂಚ ತಡೆಯಿತು, ನಿಜ. ಆದರೆ ತಡೆದ ಕೈ ನಿಲ್ಲಲಿಲ್ಲ.

ಆಮೇಲೆ ಬೈಕು ಹತ್ತಿ ಊರೂರಿಗೆ ಹೋದ. ಪ್ರತಿ ಊರಿನ ಕಂಪ್ಯೂಟರಿನಲ್ಲೂ ಹಳೆಯದನ್ನು ಪೂರ್ತಿ ಅಳಿಸಿ ಹೊಸದನ್ನು ಕೂರಿಸಿದ. ಆಶ್ರಮದ್ದನ್ನೂ ಅಳಿಸಿದ. ಮನೆ ಗುಡಿಸಿದಷ್ಟು ಹಗುರವಾಯಿತು ಅವನಿಗೆ.

ಜನರ ಹಳೆಯ ಬಿಲ್ಲೆಗಳ ಲೆಕ್ಕ ಹೇಗೂ ಅವರವರ ಫೋನಿನಲ್ಲಿ ಇರುತ್ತದೆ, ಅಲ್ಲಿಂದ ಎತ್ತಿಕೊಂಡರಾಯಿತು ಎಂಬುದು ಅವನ ಅಂದಾಜು. ಫೋನಿನ ಕೆಲಸ ರಜಿಯಾಳದು. ಅವಳನ್ನು ಒಂದು ಮಾತು ಕೇಳಿದ್ದರೆ ಹೌದೋ ಅಲ್ಲವೋ ಹೇಳುತ್ತಿದ್ದಳು. ಪೇಟೆಗೆ ಹೋದವನು ಅವಳ ಅಂಗಡಿಯ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬಂದ. ಕೇಳಲಿಲ್ಲ.

ಸೇತುವೆ ಬಳಸಿ ಹೊಳೆಯಾಚೆಗೆ ಹೋದಾಗ ಕಪನಯ್ಯನ ಮಿಲ್ಲಿನ ಮುಂದೆಯೂ ಹಾದುಹೋದ. ಆ ಊರಿನ ಕಂಪ್ಯೂಟರ್ ಅಲ್ಲೇ ಇತ್ತು, ಆದರೂ ಬೈಕು ನಿಲ್ಲಿಸಲಿಲ್ಲ.

ಬಿಲ್ಲೆಯನ್ನು ಮತ್ತೆ ನಡೆಸುವ ದಿನ ಬಂತು. ಬೆಳಿಗ್ಗೆಯೇ ಹೊಂಗೆ ಮರದ ಕೆಳಗೆ ಜನ ಸೇರಿದರು. ಹೊಸ ಫೋನ್ ಇದ್ದ ಹುಡುಗ ಹುಡುಗಿಯರ ಕೈಯಲ್ಲಿ ಆ್ಯಪ್ ಥಟ್ಟನೆ ತೆರೆಯಿತು. ತೆರೆದರೆ ಎಲ್ಲರ ಹೆಸರಿನ ಮುಂದೆಯೂ ಸೊನ್ನೆ. ಅವರದೇನೂ ಹಿಂದಿನ ದುಡಿಮೆ ಇರಲಿಲ್ಲ, ನಕ್ಕು ಸುಮ್ಮನಾದರು. ಬಟನ್ ಫೋನುಗಳಲ್ಲಿ ಬಿಲ್ಲೆ ತೆರೆಯಲೇ ಇಲ್ಲ.

ಪುಟ್ಟಮಾದಮ್ಮ ತನ್ನ ಫೋನನ್ನು ಸೆರಗಿನ ಗಂಟಿನಿಂದ ಬಿಚ್ಚಿ ಪರಶಿವನ ಕೈಗೆ ಕೊಟ್ಟಳು.

ಈ ಮುದುಕಿಯ ಬಗ್ಗೆ ಒಂದು ಮಾತು ಹೇಳಬೇಕು. ಬಿಲ್ಲೆ ನಡೆದಷ್ಟು ಕಾಲವೂ ಅವಳು ಊರವರೆಲ್ಲರ ಗದ್ದೆಯಲ್ಲಿ ನಾಟಿ ಹಾಕಿದ್ದಳು. ಒಬ್ಬರನ್ನೂ ತನ್ನ ಗದ್ದೆಗೆ ಕರೆಯಲಿಲ್ಲ. ಸೊಂಟ ಬಗ್ಗದ ಕಾಲಕ್ಕೆ ಇರಲಿ ಎಂದು ಎಲ್ಲ ಬಿಲ್ಲೆಯನ್ನೂ ಕೂಡಿಟ್ಟಳು. ಈ ವರ್ಷ ಸೊಂಟ ಬಗ್ಗುತ್ತಿರಲಿಲ್ಲ. ನಾಟಿಗೆಂದು ಬಿಟ್ಟ ಒಟ್ಲಿನ ಸಸಿಗಳು ಗೇಣುದ್ದ ಬೆಳೆದು ನಿಂತಿದ್ದವು. ಇನ್ನೊಂದು ಪಕ್ಷದೊಳಗೆ ಪೈರು ಕಿತ್ತು ನೆಡದಿದ್ದರೆ ಬಲಿತು ಹೋಗುತ್ತಿತ್ತು, ವರ್ಷದ ಅನ್ನವೂ ಹೋಗುತ್ತಿತ್ತು.

ಯಾರ ಗದ್ದೆಯಲ್ಲಿ ದುಡಿದಳೋ ಅವರನ್ನೇ ಕರೆಯಬಹುದಲ್ಲ ಎಂದರೆ, ಅದೂ ಆಗದ ಮಾತು. ಬಿಲ್ಲೆ ಕೈಯಿಂದ ಕೈಗೆ ದಾಟಿ ದಾಟಿ ಯಾರು ಯಾರಿಗೆ ಬಾಕಿ ಎಂಬುದನ್ನು ಜನ ನೆನಪಿಡುವುದನ್ನೇ ಬಿಟ್ಟಿದ್ದರು. ನೆನಪಿಡುವ ಕೆಲಸವನ್ನು ಈ ಮೂವರಿಗೆ ಒಪ್ಪಿಸಿದ್ದರು.

ಪರಶಿವ ಫೋನನ್ನು ಒತ್ತಿದ. ಮತ್ತೊಮ್ಮೆ ಒತ್ತಿದ. ಏನೂ ಬರಲಿಲ್ಲ. ಆ ಮುದುಕಿಯ ಬಿಲ್ಲೆ ಎಲ್ಲಿ ಹೋಯಿತು, ಹಾಳು ಮಾಡಿದವರು ಯಾರು ಎಂದು ಹಿಂದಿನಿಂದ ಯಾರೋ ಗಟ್ಟಿಯಾಗಿ ಕೇಳಿದರು. ಎಲ್ಲರ ಕಣ್ಣೂ ಪರಶಿವನ ಮೇಲೆ.

ಪುಟ್ಟಮಾದಮ್ಮ ಅವನ ಮುಖ ನೋಡಿದಳು.

"ನಂದೇ ತಪ್ಪು ಬುಡ್ರಪ್ಪ" ಎಂದಳು. "ನಾನೇ ಎಲ್ಲೋ ಒತ್ತಬಾರದ್ದ ಒತ್ಬುಟ್ಟಿರ್ತೀನಿ."

ಪರಶಿವ ಒಂದು ಮಾತು ಹೇಳಬೇಕಿತ್ತು. ಅದು ಅವನ ನಾಲಿಗೆಯ ತುದಿಯವರೆಗೂ ಬಂದಿತ್ತು.

"ಹಳೇ ಫೋನು ಅಜ್ಜಿ, ಹಿಂಗಾಯ್ತದೆ" ಎಂದ.

ಮುದುಕಿ ತಲೆಯಾಡಿಸಿ ಫೋನನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಪಕ್ಕದವಳು ಓದು ಬರಹ ಬಾರದವರಿಗೆ ಇವೆಲ್ಲ ಯಾಕೆ ಬೇಕು ಎಂದು ಗೊಣಗಿದಳು. ಪುಟ್ಟಮಾದಮ್ಮ ಅದಕ್ಕೂ ಹೌದು ಎಂದು ನಡೆದಳು.

ಅಮ್ಮನವರು ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದರು. ತಲೆಯೆತ್ತಲಿಲ್ಲ. ಅವರು ನೋಡಿದ್ದರೆ ಪರಶಿವನಿಗೆ ಅಷ್ಟು ಸುಡುತ್ತಿರಲಿಲ್ಲ.

ಜನ ಹೋದ ಮೇಲೆ ಅವನು ಒಂದು ಬಟನ್ ಫೋನ್ ಹಿಡಿದು ಅದರ ಒಳಗನ್ನೆಲ್ಲ ಜಾಲಾಡಿದ. ಅದರಲ್ಲಿ ಮುದ್ರೆಯೊಂದೇ ಇತ್ತು. ಲೆಕ್ಕವಿರಲಿಲ್ಲ. ಬಡವರ ಫೋನಿಗೆ ಭಾರವಾಗಬಾರದೆಂದು ರಜಿಯಾ ಫೋನಿನೊಳಗೆ ಏನನ್ನೂ ಇಟ್ಟಿರಲಿಲ್ಲ. ಲೆಕ್ಕವೆಲ್ಲ ಊರೂರ ಕಂಪ್ಯೂಟರಿನಲ್ಲಿತ್ತು. ಅವನು ತನ್ನ ಕೈಯಾರೆ ಊರೂರು ತಿರುಗಿ ಅಳಿಸಿ ಬಂದದ್ದು ಅದನ್ನೇ.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವನಿಗಾಗಿ ಭೂಮಿ ಯಾಕೆ ಬಾಯಿ ಬಿಟ್ಟೀತು?

ಅಮ್ಮನವರ ಮುಂದೆ ಹೋಗಿ ನಿಂತ. ಆದದ್ದನ್ನು ಹೇಳಲು ಬಾಯಿ ಬರಲಿಲ್ಲ. ಬೇರೆಯದೇ ಕೇಳಿದ.

"ಅಮ್ಮ, ಹಳೇದನ್ನ ತೆಗೆದು ಹೊಸದು ಮಾಡೋದು ತಪ್ಪಾ?"

ಅಮ್ಮನವರು ಅಡುಗೆಮನೆಗೆ ಹೋದರು. ಹೆಪ್ಪಿನ ಕುಡಿಕೆ ತಂದರು. ಅವನು ನೋಡುತ್ತಿದ್ದ ಹಾಗೆಯೇ ಬೂದಿ ಹಾಕಿ ಒಳಗೂ ಹೊರಗೂ ತಿಕ್ಕಿದರು. ಮೂರು ನೀರಿನಲ್ಲಿ ತೊಳೆದು ಬಿಸಿಲಿಗೆ ಕವುಚಿದರು.

"ಹಾಲು ಕಾಯಿಸಿ ಇದಕ್ಕೆ ಹುಯ್ಯಿ. ಮೊಸರಾಗಲಿ" ಎಂದರು.

"ಹೆಪ್ಪಿಲ್ದೆ ಹೆಂಗಮ್ಮ ಮೊಸರಾಯ್ತದೆ?"

"ಹೊಸ ಹಾಲು. ತೊಳೆದ ಕುಡಿಕೆ. ಇನ್ನೇನು ಬೇಕು ನಿಂಗೆ?"

ಅವನಿಗೆ ಅರ್ಥವಾಯಿತು. ಅರ್ಥವಾಗಬಾರದಿತ್ತು ಎನಿಸಿತು. ಸುಮ್ಮನೆ ಹಾಲು ಕಾಯಿಸಿ ಹುಯ್ದ.

ಮರುದಿನ ಹಾಲು ಒಡೆದಿತ್ತು. ಆಶ್ರಮದ ದಾಸೋಹದಲ್ಲಿ ಮಜ್ಜಿಗೆಯಿಲ್ಲ. ಉಣ್ಣಲು ಕೂತವರು ಕೊನೆಯ ಅನ್ನವನ್ನು ಎಲೆಯ ಮೇಲೆ ಬೆಟ್ಟ ಮಾಡಿಕೊಂಡು ಕಾದರು, ಕಾದು ಸಾರಿನಲ್ಲೇ ಉಂಡು ಎದ್ದರು. ಬಡಿಸುತ್ತಿದ್ದ ಪರಶಿವ ಎಲೆಗಳನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಅಮ್ಮನವರು ಅಂದು ಊಟಕ್ಕಿರಲಿಲ್ಲ. ಸಂಜೆ ಬಂದರು. ಸೀರೆ ಮೊಣಕಾಲಿನವರೆಗೂ ಕೆಸರಾಗಿತ್ತು. ಪುಟ್ಟಮಾದಮ್ಮನ ಗದ್ದೆಗೆ ಹೋಗಿದ್ದರಂತೆ. ಆಶ್ರಮದ ತೋಟಕ್ಕೆ ಅವಳು ಒಂದು ದಿನ ಕಳೆ ಕೀಳಲು ಬಂದದ್ದು ತನಗಿನ್ನೂ ನೆನಪಿದೆ, ನೆನಪಿರುವುದನ್ನು ತೀರಿಸಿದೆ ಎಂದರು. ಸೊಂಟ ಹಿಡಿದುಕೊಂಡು ಜಗಲಿಯ ಮೇಲೆ ಕೂತರು. ಒಬ್ಬರು ನೆಟ್ಟರೆ ಗದ್ದೆಯ ಒಂದು ಮೂಲೆಯೂ ತುಂಬುವುದಿಲ್ಲ.

ಪರಶಿವ ಅಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿಬಿಟ್ಟ. ಅಳಿಸಿದ್ದು, ಕೇಳದೆ ಬಂದದ್ದು, ತಲೆಯ ಸಾಲಿನ ಒಂದೇ ಹೆಸರು, ಕೊನೆಗೆ ಮುದುಕಿಯ ಮೇಲೆ ಹೊರಿಸಿದ ಮಾತು. ಎಲ್ಲ ಊರಿನದೂ ಹೋಯಿತು, ಇನ್ನು ಉಳಿದಿದ್ದರೆ ಕಪನಯ್ಯನ ಹತ್ತಿರ ಮಾತ್ರ, ಅವನ ಮಿಲ್ಲಿಗೆ ಮಾತ್ರ ನಾನು ಕಾಲಿಡಲಿಲ್ಲ ಎಂದ.

ಅಮ್ಮನವರು ಕಾಲಿನ ಕೆಸರನ್ನು ಉಗುರಿನಿಂದ ಕೆರೆಯುತ್ತಿದ್ದರು.

"ನಾಳೆ ಹೊಳೆಯಾಚೆ ಹೋಗಿ ಹೆಪ್ಪು ತಕ್ಕೊಂಡು ಬಾ" ಎಂದರು. "ಕಪನಯ್ಯನ ಮದುವೇಲಿ ಅವನ ಹೆಂಡತಿಗೆ ನಾನೇ ಕೊಟ್ಟಿದ್ದೆ. ನಮ್ಮ ಹೆಪ್ಪು ಈಗ ಅವರ ಮನೇಲದೆ."

"ಹೆಪ್ಪು ಸಾಕಾ ಅಮ್ಮ?"

"ನಂಗೆ ಅಷ್ಟೇ ಬೇಕಾದ್ದು."

ಆ ಕಡೆ ಒಂದು ಕಟ್ಟಳೆಯಿದೆ. ಹೆಪ್ಪು ಕೇಳಲು ಹೋಗುವವರು ಪಾತ್ರೆಯನ್ನು ಬರಿದಾಗಿ ಒಯ್ಯಬಾರದು, ಒಳಗೊಂದು ಚೂರು ಬೆಲ್ಲ ಹಾಕಿರಬೇಕು. ಕೇಳಿ ಬಂದವರು ಹಗೆಯಾದರೂ ಮನೆಯವರು ಇಲ್ಲ ಎನ್ನಬಾರದು.

ಪರಶಿವ ಬೆಲ್ಲ ಹಾಕಿದ ಬಟ್ಟಲು ಹಿಡಿದು ಹರಿಗೋಲು ಹತ್ತಿದ. ಕಪನಯ್ಯನ ಹಜಾರದಲ್ಲಿ ನಿಂತು ಹೆಪ್ಪು ಬೇಕಿತ್ತು ಎಂದ. ಕಪನಯ್ಯನ ಹೆಂಡತಿ ಬೆಲ್ಲ ತೆಗೆದುಕೊಂಡು ಹೆಪ್ಪು ಕೊಟ್ಟಳು. ಕಪನಯ್ಯ ತವುಡಿನ ಚೀಲದ ಬಾಯಿ ಹೊಲಿಯುತ್ತ ಕೂತಿದ್ದ. ತಲೆಯೆತ್ತಿ ನೋಡಿ ಮತ್ತೆ ಹೊಲಿದ. ಪರಶಿವ ಇನ್ನೊಂದು ಮಾತು ಕೇಳಬೇಕೆಂದು ನಿಂತೇ ಇದ್ದ. ಚೀಲ ಹೊಲಿದು ಮುಗಿಯಿತು. ಪರಶಿವ ಅದನ್ನು ಕೇಳದೆಯೇ ಬಟ್ಟಲು ಹಿಡಿದು ವಾಪಸು ಬಂದ.

ಅಮ್ಮನವರು ಬಟ್ಟಲು ಇಸಿದುಕೊಂಡರು.

"ಬರೀ ಇಷ್ಟೇನಾ ತಂದದ್ದು?"

"ಹೂಂ" ಎಂದ ಪರಶಿವ. ಅವನ ಮುಖ ಸಣ್ಣಗಾಗಿತ್ತು.

ಅವರು ಒಂದು ತಟ್ಟೆಯಲ್ಲಿ ತಂಗಳನ್ನ ಹಾಕಿಕೊಂಡರು. ಇದ್ದ ಹೆಪ್ಪನ್ನೆಲ್ಲ ಅದಕ್ಕೆ ಸುರುವಿದರು. ಉಪ್ಪು ಬೆರೆಸಿ ಕಲಸಿ ನಿಧಾನವಾಗಿ ಉಂಡರು. ಕೈ ತೊಳೆದರು.

"ರುಚಿಯಾಗಿ ಅದೆ. ನಾಳೆ ಮತ್ತೆ ಹೋಗಿ ತಕ್ಕೊಂಡು ಬಾ."

ಮರುದಿನ ಬಟ್ಟಲನ್ನು ಕಂಡ ಕೂಡಲೇ ಕಪನಯ್ಯನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಕಪನಯ್ಯ ಚೀಲ ಬದಿಗಿಟ್ಟ.

"ಅಮ್ಮ ಹೆಪ್ಪನ್ನೂ ಉಂಡ್ಬುಟ್ರಾ?" ಎಂದು ಕೇಳಿದ.

ಪರಶಿವ ನೆಲ ನೋಡುತ್ತ ಹೇಳತೊಡಗಿದ. ಅಮ್ಮನವರಿಗೆ ಹೇಳಿದ್ದನ್ನೆಲ್ಲ ಹೇಳಿದ. ಎತ್ತು ಎಂದ ಮಾತಿಗೂ ಬಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಷ್ಟು ದಿನ ಅದು ಬೇರೆಯವರಿಗೆ ಹೇಳಿದ ಗಾದೆ ಎಂದುಕೊಂಡಿದ್ದ.

ಕಪನಯ್ಯ ಎದ್ದು ಮಿಲ್ಲಿನ ಹಿಂದಿನ ಕೋಣೆಗೆ ಕರೆದೊಯ್ದ. ಅಕ್ಕಿ ಮೂಟೆಗಳ ಹಿಂದೆ, ತವುಡಿನ ಧೂಳಿನಲ್ಲಿ, ಹಳೆಯ ಕಂಪ್ಯೂಟರ್ ಗುಂಯ್ ಎನ್ನುತ್ತಿತ್ತು. ಹಸಿರು ದೀಪ ಮಿಣುಕುತ್ತಿತ್ತು.

ನಿಲ್ಲಿಸಲು ಮನಸ್ಸು ಬರಲಿಲ್ಲ ಎಂದ ಕಪನಯ್ಯ. ಅದು ಈಗಲೂ ಉಳಿದ ಊರುಗಳ ಕಂಪ್ಯೂಟರನ್ನು ಕರೆಯುತ್ತಲೇ ಇತ್ತಂತೆ. ಮೊನ್ನೆಯಿಂದ ಅವು ಎದ್ದಿವೆ, ಆದರೆ ಇದರ ಮಾತು ಅವಕ್ಕೆ ತಿಳಿಯುತ್ತಿಲ್ಲ, ಅವುಗಳ ಮಾತು ಇದಕ್ಕೆ ತಿಳಿಯುತ್ತಿಲ್ಲ ಎಂದ. ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಕೇಳಿಸಿಕೊಳ್ಳುವುದು ಪರಶಿವನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

"ಇದನ್ನ ನಂಗೆ ಕೊಡ್ತೀಯ ಕಪನಯ್ಯಣ್ಣ?" ಎಂದು ಕೇಳಿದ. "ಕೇಳೋ ಮುಖ ಇಲ್ಲ ನಂಗೆ."

"ಹೆಪ್ಪು ಕೇಳ್ಕೊಂಡು ಬಂದವರಿಗೆ ಇಲ್ಲ ಅನ್ನೋಕಾಯ್ತದಾ?" ಎಂದ ಕಪನಯ್ಯ. "ರಜಿಯಾನ್ನೂ ಕರಿ. ಫೋನಿಂದು ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ."

ರಜಿಯಾ ಅಂಗಡಿಗೆ ಬೀಗ ಹಾಕಿ ಬಂದಳು. ಮೂವರೂ ಮಿಲ್ಲಿನ ಕೋಣೆಯಲ್ಲಿ ಮೂಟೆಗಳ ಮೇಲೆ ಕೂತರು. ಪರಶಿವ ತನ್ನ ಹೊಸ ಕೋಡನ್ನು ತೆರೆದು ತೋರಿಸಿದ. ತಲೆಯ ಸಾಲಿನಲ್ಲಿ ಒಂದೇ ಹೆಸರು. ರಜಿಯಾ ಅದನ್ನು ಓದಿದಳು. ಕ್ಷಣ ತಡೆದು ಕೆಳಗಿನ ಸಾಲಿಗೆ ಹೋದಳು.

ಪರಶಿವನ ಕಿವಿ ಕಾದ ಹಂಚಾಯಿತು.

"ಚೆನ್ನಾಗಿ ಬರ್ದಿದ್ದೀಯ ಪರಶಿವಣ್ಣ" ಎಂದಳು ಎಲ್ಲ ಓದಿ. "ಆದ್ರೆ ಇದಕ್ಕೆ ನಮ್ಮ ಹಳೇ ಮುದ್ರೆ ಓದೋಕೆ ಬರಲ್ವಲ್ಲ. ಮೊದಲು ಅದ ಕಲಿಸು."

ಅವರ ಕೆಲಸ ನೋಡುವವರಿಗೆ ಏನೂ ಅಲ್ಲ. ಕಪನಯ್ಯ ಹಳೆಯ ನಿಯಮದಲ್ಲಿ ನಡೆದ ಲೆಕ್ಕವನ್ನೆಲ್ಲ ಹೊಸ ನಿಯಮ ಒಪ್ಪುವ ಹಾಗೆ ಹೊಂದಿಸಿದ. ರಜಿಯಾ ಬಟನ್ ಫೋನುಗಳು ಕಳಿಸುವ ಹಳೆಯ ಸಂದೇಶವನ್ನು ಹೊಸದರ ಕಿವಿಗೆ ಮುಟ್ಟಿಸಿದಳು. ಪರಶಿವ ತನ್ನ ಹೊಸ ಮುದ್ರೆಯ ಪಕ್ಕದಲ್ಲಿ ಹಳೆಯ ಮುದ್ರೆಗೂ ಜಾಗ ಮಾಡಿದ. ಒಂದು ಸಾಲು ಬರೆದರೆ ಇನ್ನಿಬ್ಬರು ಓದಿ ಹೂಂ ಎಂದ ಮೇಲೆ ಮುಂದಿನ ಸಾಲು. ಎತ್ತಿನಗಾಡಿಯೇ ಸರಿ. 'ಈ ಗಾಡಿ ಹತ್ತಿದವರು ಯಾರೂ ದಾರಿಯಲ್ಲಿ ಬೀಳುವುದಿಲ್ಲ' ಎಂದು ಅವನಿಗೆ ಆಗ ಹೊಳೆಯಿತು. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಯೋಗ್ಯತೆ ಇಲ್ಲವೆನಿಸಿತು.

ಒಂದು ತೊಡಕು ಉಳಿಯಿತು. ಈ ನಡುವೆ ಹೊಸ ಬಿಲ್ಲೆಯನ್ನು ನಂಬಿ ಕೆಲವು ಹುಡುಗ ಹುಡುಗಿಯರು ಆಗಲೇ ಅವರಿವರ ಗದ್ದೆಯಲ್ಲಿ ದುಡಿದಿದ್ದರು. ಅವರ ಬಿಲ್ಲೆ ಹೊಸ ಲೆಕ್ಕದಲ್ಲಿತ್ತು. ಹಳೆಯದರಲ್ಲಿ ಇರಲಿಲ್ಲ.

ಪರಶಿವ ಆಶ್ರಮಕ್ಕೆ ಬಂದು ಅಮ್ಮನವರ ಕಾಲ ಬಳಿ ಕೂತ. ಪಶ್ಚಾತ್ತಾಪದಿಂದ ಅವನ ಕಣ್ಣು ತುಂಬಿತ್ತು. ನನ್ನ ಹೊಸದು ಹುಟ್ಟಿದ್ದೇ ಪಾಪದಿಂದ, ಅದರ ಒಂದು ಅಕ್ಷರವೂ ಉಳಿಯುವುದು ಬೇಡ, ಎಲ್ಲವನ್ನೂ ಅಳಿಸಿ ಹಳೆಯದನ್ನೇ ಇದ್ದ ಹಾಗೆ ನಡೆಸುತ್ತೇನೆ, ಅಪ್ಪಣೆ ಕೊಡಿ ಎಂದ.

ಅಮ್ಮನವರು ಅವನ ಕಡೆ ತಿರುಗಿದರು.

"ಮತ್ತೆ ತೊಳಿಯೋಕೆ ಹೊರಟ್ಯಾ?" ಎಂದರು.

ಅವನು ಕಣ್ಣೊರೆಸಿಕೊಂಡು ಎದ್ದುಹೋದ. ಅಂದು ಕಣ್ಣೀರೂ ಅವನಿಗೆ ನಾಚಿಕೆ ತಂದಿತು. ತಪ್ಪು ಮಾಡುವಾಗಲೂ ತಾನೊಬ್ಬನೇ, ಅಳುವಾಗಲೂ ತಾನೊಬ್ಬನೇ. ಆ ಹುಡುಗರ ಬೆವರು ಅವನಿಗೆ ಕಾಣಿಸಿಯೇ ಇರಲಿಲ್ಲ. ಮೂವರೂ ಮತ್ತೆ ಕೂತು ಹೊಸ ಲೆಕ್ಕವನ್ನೂ ಹಳೆಯದರ ಬಾಲಕ್ಕೆ ಜೋಡಿಸಿದರು.

ಪುಟ್ಟಮಾದಮ್ಮನ ಒಟ್ಲು ಬಲಿಯುವ ಮೊದಲೇ ಕೆಲಸ ಮುಗಿಯಿತು. ಹೊಂಗೆ ಮರದ ಕೆಳಗೆ ಮತ್ತೆ ಜನರನ್ನು ಕರೆದರು. ಈ ಸಲ ಬಂದವರು ಕಡಿಮೆ. ಬಂದವರೂ ದೂರ ದೂರ ನಿಂತರು.

ಪರಶಿವ ಎದ್ದು ನಿಂತ. ಪುಟ್ಟಮಾದಮ್ಮನನ್ನು ಹುಡುಕಿ ಅವಳ ಎದುರಿಗೆ ಬಂದು ಕೈ ಮುಗಿದ.

"ಅವತ್ತು ನಿನ್ನ ಫೋನಿಗೆ ಏನೂ ಆಗಿರಲಿಲ್ಲ ಅಜ್ಜಿ. ನೀನು ಏನೂ ತಪ್ಪು ಒತ್ತಿರಲಿಲ್ಲ. ನಿನ್ನ ಬಿಲ್ಲೆ ಅಳಿಸ್ದವನು ನಾನು. ಇವರಿಬ್ಬರನ್ನ ಕೇಳ್ದೆ ಅಳಿಸ್ದೆ. ಎಲ್ಲರ ಮುಂದೆ ನಿನ್ನ ಮೇಲೆ ಹಾಕ್ದೆ."

ಓದು ಬರಹದ ಮಾತಾಡಿದ್ದ ಹೆಂಗಸು ಮರದ ಹಿಂದಕ್ಕೆ ಸರಿದಳು.

ಪುಟ್ಟಮಾದಮ್ಮ ಸೆರಗಿನ ಗಂಟು ಬಿಚ್ಚುತ್ತಿದ್ದಳು.

"ಗೊತ್ತಿತ್ತು ಕನಪ್ಪ" ಎಂದಳು. "ನೀವು ತೋರಿಸ್ದ ಆ ಒಂದು ಗುಂಡಿ ಬುಟ್ರೆ ಬೇರೆ ಗುಂಡಿ ಒತ್ತಿದವಳಲ್ಲ ನಾನು. ನಿನ್ನ ಮುಖ ನೋಡೋಕಾಗ್ಲಿಲ್ಲ. ಯಾರಾರ ಒಬ್ಬರು ಹೊತ್ಕಬೇಕಿತ್ತಲ್ಲ."

ಪರಶಿವನಿಗೆ ನಿಂತ ನೆಲ ಸಾಲದಾಯಿತು. ತಾನು ಹೊರಿಸಿದೆ ಎಂದು ಇಷ್ಟು ದಿನ ಬೇಯುತ್ತಿದ್ದ. ಅವಳು ತಿಳಿದೇ ಹೊತ್ತಿದ್ದಳು. ಹೊರಿಸಿದ್ದಕ್ಕೆ ಕ್ಷಮೆ ಕೇಳಬಹುದು. ಹೊತ್ತದ್ದಕ್ಕೆ ಏನು ಕೇಳುವುದು?

ಮುದುಕಿ ಫೋನ್ ನೀಡಿದಳು. ಈ ಸಲ ರಜಿಯಾ ಇಸಿದುಕೊಂಡು ಒತ್ತಿದಳು. ಪುಟ್ಟಮಾದಮ್ಮನ ಬಿಲ್ಲೆಗಳೆಲ್ಲ ಇದ್ದ ಹಾಗೆ ಇದ್ದವು.

ಮರುದಿನ ಅವಳ ಗದ್ದೆ ಜನರಿಂದ ತುಂಬಿತು. ಹೊಳೆಯ ಈಚೆಯವರು, ಆಚೆಯವರು, ಹೊಸ ಫೋನಿನ ಹುಡುಗರು. ಕಪನಯ್ಯ ಪೈರಿನ ಕಟ್ಟು ಎಸೆದ, ರಜಿಯಾ ಸಾಲು ಹಿಡಿದಳು. ಪರಶಿವನೂ ಬಗ್ಗಿ ನೆಟ್ಟ. ಅವನ ಸಾಲು ಸೊಟ್ಟಗಿತ್ತು. ಬದುವಿನ ಮೇಲೆ ಕೂತ ಪುಟ್ಟಮಾದಮ್ಮ ಅದನ್ನು ತೋರಿಸಿ ತೋರಿಸಿ ನಕ್ಕಳು.

ಮಧ್ಯಾಹ್ನ ಎಲ್ಲರೂ ಆಶ್ರಮದ ಪಂಕ್ತಿಯಲ್ಲಿ ಕೂತು ಉಂಡರು. ಪರಶಿವನ ಎಲೆ ಕಪನಯ್ಯನ ಎಲೆಯ ಪಕ್ಕದಲ್ಲಿತ್ತು. ಕೊನೆಗೆ ಮಜ್ಜಿಗೆ ಬಂತು. ಹೊಳೆಯಾಚೆಯಿಂದ ಬಂದ ಹೆಪ್ಪಿನ ಮಜ್ಜಿಗೆ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಪರಶಿವ ಮಾತ್ರ ಒಂದೇ ಸಲ ಹಾಕಿಸಿಕೊಂಡು ಎದ್ದ.

ಜನ ಚೆದುರಿದ ಮೇಲೆ ಪಾತ್ರೆಗಳನ್ನು ಬಾವಿಕಟ್ಟೆಗೆ ಹೊತ್ತು ತಂದ. ಅಮ್ಮನವರು ಅಲ್ಲೇ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಅಮ್ಮ" ಎಂದ. "ಎಲ್ಲರದೂ ತೀರ್ತು. ಬಿಲ್ಲೆ ನಡೀತಾ ಅದೆ. ಕಪನಯ್ಯಣ್ಣ ನನ್ನ ಜೊತೆ ಉಂಡ. ಆದ್ರೂ ಒಳಗೆ ಈ ನಾಚಿಕೆ ಹೋಗ್ತಾ ಇಲ್ಲ. ಇದನ್ನ ಏನು ಮಾಡ್ಲಿ?"

ಅಮ್ಮನವರು ಅವನ ಕೈಯಲ್ಲಿದ್ದ ಮೊಸರಿನ ಕುಡಿಕೆಯನ್ನು ನೋಡಿದರು. ಅವನು ಅದಕ್ಕೆ ಬೂದಿ ಹಾಕಿ ತಿಕ್ಕಲು ಕೈ ಇಟ್ಟಿದ್ದ.

"ತಳದಲ್ಲಿ ಒಂಚೂರು ಬುಡು ಕನಪ್ಪ" ಎಂದರು. "ನಾಳೆಗೆ ಹೆಪ್ಪು ಬೇಕು."